ನಾಲೆಯಾಚೆಯ ಐದು ಹಸುಗಳು: ಏಳು ತಿಂಗಳು ಹಾಲು ತಂದವನ ಮಾತು

ಊರಿನ ಹಾಲಿನ ಡೇರಿಯಲ್ಲಿ ಇಪ್ಪತ್ತೆರಡು ವರ್ಷ ಲ್ಯಾಕ್ಟೋಮೀಟರ್, ಅಂದರೆ ಹಾಲಿನ ಸಾಂದ್ರತೆ ಅಳೆಯುವ ಕೊಳವೆ, ಹಿಡಿದವನು ನಾನು. ‘ಅಪ್ಪಟ ಹಳ್ಳಿ ಹಾಲು’ ಎಂಬ ಫಲಕ ಕಂಡರೆ ಮೊದಲು ಹುಟ್ಟುವುದು ಗುಮಾನಿ. ಮೈಸೂರಿಗೆ, ಮಗಳ ಮನೆಗೆ ಬಂದ ಮೇಲೆ ವರುಣಾ ನಾಲೆಯಾಚೆಯ ಈ ಕೊಟ್ಟಿಗೆಗೆ ಹೋದಾಗಲೂ ಆ ಗುಮಾನಿ ಜೇಬಿನಲ್ಲೇ ಇತ್ತು. ಕರೆದ ಕೂಡಲೇ ಬಿಸಿ ನೊರೆಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಡಿಗ್ರಿ ಕಡಿಮೆ ತೋರಿಸುತ್ತದೆ. ಅರ್ಧ ಗಂಟೆ ಕಾದು ಬಿಟ್ಟೆ. 29 ಬಂತು, ನೀರು ಬೆರೆಸಿದ ಗುರುತಿಲ್ಲ.

ಹಸು ಹೇಗಿದೆ ಎಂಬುದನ್ನು ಡಿಗ್ರಿ ಹೇಳುವುದಿಲ್ಲ, ಅದರ ಹಿಂಗಾಲು ಹೇಳುತ್ತದೆ. ಬರಿಯ ಸಿಮೆಂಟಿನ ಮೇಲೆ ಮಲಗುವ ಹಸುವಿಗೆ ಕೀಲಿನ ಬಳಿ ಕೂದಲು ಉದುರಿ, ಊದಿ, ಹುಣ್ಣಾಗುತ್ತದೆ. ಇಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ, ಒಂದು ನಾಟಿ ಹಳ್ಳಿಕಾರ್. ಯಾವುದರ ಕಾಲಲ್ಲೂ ಅಂಥ ಗಾಯವಿಲ್ಲ. ಅಡಿಯಲ್ಲಿ ರಬ್ಬರ್ ಹಾಸು, ಗಂಜಲ ಹರಿದುಹೋಗಲು ಇಳಿಜಾರು. ಮಧ್ಯಾಹ್ನ ಹೊಂಗೆಯ ನೆರಳಿಗೆ ಬಿಡುತ್ತಾರೆ. ಮೇವು ರಾಗಿಹುಲ್ಲು, ನೇಪಿಯರ್ ಹಸಿಹುಲ್ಲು. ಹಾಲಿನ ಅಳತೆ ನೋಡಿ ಹಿಂಡಿ, ಬೂಸಾ. ಕರೆಯುವ ಮೊದಲು ಪ್ರತಿ ಮೊಲೆಯ ನಾಲ್ಕು ಸೆಳೆ ಹಾಲನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡುತ್ತಾರೆ. ಗರಣೆ ಕಂಡರೆ ಕೆಚ್ಚಲು ಬಾವು.

ಮೂರನೆಯ ತಿಂಗಳಲ್ಲಿ ಕಂಡೇಬಿಟ್ಟಿತು. ಲೀಟರ್ ಬದಲು ಅರ್ಧ ಲೀಟರ್ ಅಳೆದು, “ಒಂದಕ್ಕೆ ಇಂಜೆಕ್ಷನ್ ಆಗಿದೆ ಯಜಮಾನರೇ, ಡಾಕ್ಟರು ಹೇಳುವವರೆಗೆ ಅದರ ಹಾಲು ಯಾರಿಗೂ ಇಲ್ಲ” ಎಂದರು ಕೊಟ್ಟಿಗೆ ನಡೆಸುವ ಹೆಣ್ಣುಮಗಳು. ಆರು ದಿನ ಹೀಗೇ ನಡೆಯಿತು. ಮನೆಯಲ್ಲಿ ಕಾಫಿಗೆ ಜಗಳ. ಅಂಥ ಹಾಲು ಮಿಕ್ಕ ಹಾಲಿನೊಂದಿಗೆ ಕ್ಯಾನಿಗೆ ಬೀಳುವುದನ್ನು ಕಂಡೂ ಕಾಣದಂತೆ ರಸೀದಿ ಬರೆದವನು ನಾನು. ಜಗಳದಲ್ಲಿ ಆಕೆಯ ಪರ ನಿಂತೆ.

ಗಿಣ್ಣಿನ ಆಸೆಯಿಂದ ಹೋಗುವವರು ಬೈದುಕೊಂಡೇ ಬರುತ್ತಾರೆ. ಕರು ಹುಟ್ಟಿದ ಒಂದು ಗಂಟೆಯೊಳಗೆ ಅದಕ್ಕೆ ಕುಡಿಸುತ್ತಾರೆ, ಅದರ ಹೊಟ್ಟೆ ತುಂಬಿ ಉಳಿದರೆ ಮಾತ್ರ ನಮಗೆ. ಏಳು ತಿಂಗಳಲ್ಲಿ ನನಗೆ ಸಿಕ್ಕಿದ್ದು ಒಂದೇ ಒಂದು ಚೊಂಬು.

ಕೊರತೆಗಳೂ ಇವೆ. ದಪ್ಪ ಕೆನೆ ಬೇಕೆನ್ನುವವರಿಗೆ ಈ ಹಾಲು ತೆಳು ಎನಿಸುತ್ತದೆ. ಕರು ಹಾಕುವ ಎರಡು ತಿಂಗಳ ಮುಂಚೆ ಹಸುವನ್ನು ಬತ್ತಿಸುತ್ತಾರಾದ್ದರಿಂದ ಎರಡು ಒಟ್ಟಿಗೆ ಬತ್ತಿದಾಗ ಖಾತೆಯವರಿಗೂ ಹಾಲು ಸಾಲದು. ಲೆಕ್ಕದ ಚೀಟಿಯಲ್ಲಿ ತಪ್ಪು ನುಸುಳುತ್ತದೆ, ಒಮ್ಮೆ ನನಗೇ ಲಾಭವಾಯಿತು. ಲೀಟರಿಗೆ 70 ರೂಪಾಯಿ, ಪ್ಯಾಕೆಟ್ಟಿಗಿಂತ ಹೆಚ್ಚೇ.

ಗಂಡು ಕರು ಏನಾಯಿತು ಎಂದು ಒಮ್ಮೆ ಕೇಳಿದೆ. “ಸಾಕುವವರಿಗೆ ಕೊಟ್ಟೆವು” ಎಂದು ಆಕೆ ಬಕೆಟ್ ತೊಳೆಯಲು ಬಗ್ಗಿದರು. ಮತ್ತೆ ಕೇಳಲಿಲ್ಲ. ನಮ್ಮ ಡೇರಿಯ ರಿಜಿಸ್ಟರಿನಲ್ಲೂ ಗಂಡು ಕರುವಿಗೆ ಕಾಲಂ ಇರಲಿಲ್ಲ.

ಬೆಳಿಗ್ಗೆ ಆರೂವರೆಯೊಳಗೆ ಹೋಗಿ. ಪಾತ್ರೆ ನಿಮ್ಮದೇ ಇರಲಿ, ಅವರು ಪ್ಲಾಸ್ಟಿಕ್ ಕವರಿಗೆ ಹಾಕಿಕೊಡುವುದಿಲ್ಲ.