ಹಳೆ ಕಾರಿನ ವೈಪರ್: ಬೇಡದ ಮೋಟಾರ್ ಹಾಕಿಸಿ ನಾಲ್ಕು ಮಳೆಗಾಲ

ಹೊಸ ವೈಪರ್ ಮೋಟಾರ್ ಹಾಕಿಸಿ ನಾಲ್ಕು ಮಳೆಗಾಲ ಕಳೆಯಿತು. ಮೋಟಾರ್ ಚೆನ್ನಾಗಿಯೇ ಉಂಟು, ಅದರ ಮೇಲೆ ದೂರಿಲ್ಲ. ದೂರು ಇರುವುದು ನನ್ನ ಮೇಲೆಯೇ, ಯಾಕೆಂದರೆ ಆ ಮೋಟಾರ್ ನನಗೆ ಬೇಕಾಗಿಯೇ ಇರಲಿಲ್ಲ.

ಕಾರು 2008ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆ ಉಡುಪಿಯ ಅಂಬಲಪಾಡಿ, ಕೆಲಸ ಮಂಗಳೂರು. ವಾರಕ್ಕೆ ಮೂರು ಸಲವಾದರೂ ಹೈವೇ 66ರಲ್ಲಿ ಹೋಗಿ ಬರಬೇಕು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಕರಾವಳಿ ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬಯಲುಸೀಮೆಯವರ ವೈಪರ್ ವರ್ಷವಿಡೀ ತಿರುಗಿದಷ್ಟು ನಮ್ಮದು ಜುಲೈ-ಆಗಸ್ಟ್‌ನ ಆಟಿ ತಿಂಗಳ ಒಂದು ವಾರದಲ್ಲಿ ತಿರುಗುತ್ತದೋ ಏನೋ.

2021ರ ಜುಲೈ, ಸಂಜೆ ಹೊತ್ತು. ಮುಲ್ಕಿ ದಾಟುವಾಗ ವೈಪರ್ ನಿಧಾನವಾಯಿತು, ಹೆಜಮಾಡಿ ಟೋಲ್ ಹತ್ತಿರ ಗಾಜಿನ ನಡುವೆ ನಿಂತೇ ಬಿಟ್ಟಿತು. ಕಾರು ಬದಿಗೆ ಹಾಕಿ ಹತ್ತು ನಿಮಿಷ ಸುಮ್ನೆ ಕೂತೆ, ತಾನಾಗಿ ಶುರುವಾಯಿತು. ಪಡುಬಿದ್ರಿಯಲ್ಲಿ ಮತ್ತೆ ನಿಂತಿತು. ಅಲ್ಲಿ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರ್ ಒಬ್ಬರು, "ಒಂದು ಕಟ್ಟು ಬೀಡಿ ತಕೊಳ್ಳಿ ಮಾರಾಯ್ರೆ" ಅಂದರು. ನಾನು ಸೇದುವುದಿಲ್ಲ ಅಂದೆ. "ಸೇದ್ಲಿಕ್ಕೆ ಅಲ್ಲ" ಅಂತ ನಕ್ಕು, ಬೀಡಿ ಬಿಚ್ಚಿ ಒಳಗಿನ ಹೊಗೆಸೊಪ್ಪನ್ನು ಒದ್ದೆ ಗಾಜಿಗೆ ಚೆನ್ನಾಗಿ ಉಜ್ಜಿದರು. ನೀರು ಹನಿ ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಇಳಿಯತೊಡಗಿತು. ಮೂವತ್ತು ನಲವತ್ತರಲ್ಲಿ ಓಡಿಸಿಕೊಂಡು ಮನೆ ಮುಟ್ಟಿದೆ. ಕಾಪು ದಾಟಿದ ಮೇಲೆ ಮಳೆಯೂ ಕಡಿಮೆಯಾಗಿತ್ತು, ಹಾಗಾಗಿ ಬೀಡಿಯೊಂದನ್ನೇ ನಂಬಿ ಯಾರೂ ಹೊರಡಬೇಡಿ.

ಮರುದಿನ ಗ್ಯಾರೇಜ್. ಬಾನೆಟ್ ಎತ್ತಿ ಎರಡು ನಿಮಿಷ ಆಗಿರಲಿಲ್ಲ, "ಮೋಟಾರ್ ಹೋಗಿದೆ" ಅಂದರು. ನಾನೂ ನಂಬಿದೆ. ಮೋಟಾರ್ 2,300 ರೂಪಾಯಿ, ಕೂಲಿ 500. ಮೂರು ವಾರ ಓಡಿತು. ಆಮೇಲೆ ಅದೇ ರಾಗ, ಈ ಸಲ 20 ಆಂಪಿಯರ್ ಫ್ಯೂಸೂ ಹಾರಿತು. ಮತ್ತೆ ಹೋದರೆ "30ರ ಫ್ಯೂಸ್ ಹಾಕುವ" ಅಂದರು. ಅದೊಂದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಫ್ಯೂಸ್ ಹಾರದಿದ್ದರೆ ವೈರ್ ಸುಡುತ್ತದೆ, ಅಲ್ವಾ?

ಕಡೆಗೆ ಕಿನ್ನಿಮುಲ್ಕಿ ಕಡೆಯ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು ಮೋಟಾರಿನ ವಿಷಯ ಅಲ್ಲ, "ಕಾರು ಮರದಡಿ ನಿಲ್ಲಿಸುವುದಾ?" ಅಂತ. ಹೌದು, ಹಲಸಿನ ಮರದಡಿ. ಬ್ಲೇಡ್ ಹಿಡಿದಿರುವ ಎರಡೂ ಆರ್ಮ್ ಕಳಚಿ, ಗಾಜಿನ ಬುಡದಲ್ಲಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎತ್ತಿದರೆ ಒಳಗೆ ಎಲೆ ಕೊಳೆತು ಗೊಬ್ಬರ ಆಗಿತ್ತು, ಮೂಲೆಯಲ್ಲಿ ಒಂದು ಸಣ್ಣ ಗಿಡವೂ ಎದ್ದಿತ್ತು. ನೀರು ಇಳಿದು ಹೋಗುವ ತೂತುಗಳು ಪೂರ್ತಿ ಕಟ್ಟಿಕೊಂಡಿದ್ದವು. ಮೋಟಾರಿನಿಂದ ಎರಡೂ ವೈಪರ್‌ಗೆ ಹೋಗುವ ಲಿಂಕೇಜ್ ಆ ಕೆಸರಲ್ಲೇ ಎಷ್ಟು ಮಳೆಗಾಲ ನೆನೆದಿತ್ತೋ ದೇವರಿಗೇ ಗೊತ್ತು.

ಅವರು ಲಿಂಕ್ ಬಿಡಿಸಿ ಸ್ವಿಚ್ ಹಾಕಿದರು. ಮೋಟಾರ್ ಗಿರ್ರನೆ ತಿರುಗಿತು. ಆಮೇಲೆ, ಆರ್ಮ್ ಕೂರುವ ಆ ಸಣ್ಣ ಶಾಫ್ಟ್ ಇದೆಯಲ್ಲ, ಅದನ್ನು ಕೈಯಲ್ಲೇ ತಿರುಗಿಸಿ ನೋಡಿ ಅಂದರು. ಬಲಗಡೆಯದು ಸಲೀಸಾಗಿ ತಿರುಗಿತು. ಎಡಗಡೆಯದನ್ನು ಪ್ಲಯರ್ ಹಿಡಿದು ತಿರುಗಿಸಬೇಕಾಯಿತು, ಶಾಫ್ಟ್ ಕೂತು ತಿರುಗುವ ಬುಶ್ ಒಳಗೆ ಅಷ್ಟು ತುಕ್ಕು. ಅದನ್ನು ಎಳೆದೂ ಎಳೆದೂ ಮೋಟಾರ್ ಬಿಸಿಯಾಗುತ್ತಿತ್ತು. ಜಾಸ್ತಿ ಬಿಸಿಯಾದರೆ ತಾನೇ ನಿಂತುಕೊಳ್ಳುವ ವ್ಯವಸ್ಥೆ ಇಂಥ ಎಷ್ಟೋ ಮೋಟಾರ್‌ಗಳ ಒಳಗೇ ಇರುತ್ತದೆ, ತಣ್ಣಗಾದ ಮೇಲೆ ಮತ್ತೆ ಶುರು. ಹೆಜಮಾಡಿಯಲ್ಲಿ ಆದದ್ದು ಇದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನನ್ನ ರಿಪೇರಿ. ಹಳೆ ಮೋಟಾರನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದೆ, ಈಗ ಯಾರ ಕಾರಿನಲ್ಲಿ ತಿರುಗುತ್ತಿದೆಯೋ!

ಇನ್ನೊಂದು ಪರೀಕ್ಷೆಯನ್ನೂ ಅವರಿಂದಲೇ ಕಲಿತೆ. ಒಂದು ದಪ್ಪ ವೈರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಮೋಟಾರಿನ ಲೋಹದ ಮೈಗೆ ತಾಗಿಸಿ ವೈಪರ್ ಓಡಿಸುವುದು. ಆಗ ವೇಗ ಹೆಚ್ಚಿದರೆ ಅರ್ತಿಂಗ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸರಿಯಿಲ್ಲ ಅಂತ ಅರ್ಥ. ನನ್ನದರಲ್ಲಿ ಚೆನ್ನಾಗಿಯೇ ಹೆಚ್ಚಿತು. ಅರ್ತ್ ಬೋಲ್ಟ್ ಬಿಚ್ಚಿದರೆ ಅಡಿಯಲ್ಲೆಲ್ಲ ತುಕ್ಕು, ಸಮುದ್ರದ ಉಪ್ಪುಗಾಳಿ ಯಾರನ್ನು ಬಿಟ್ಟಿದೆ! ಎಮರಿ ಹಾಕಿ ಉಜ್ಜಿ ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಸವರಿದರು. ಬುಶ್ ಬಿಚ್ಚಿ ತುಕ್ಕು ತೆಗೆದು ಜೋಡಿಸಿದ್ದೂ ಸೇರಿ ಬಿಲ್ಲು 600 ರೂಪಾಯಿ. ಅವತ್ತಿನಿಂದ ಇವತ್ತಿನವರೆಗೆ ಫ್ಯೂಸ್ ಹಾರಿಲ್ಲ.

2022ರ ಮೇ ತಿಂಗಳಲ್ಲಿ ನಾನೇ ಆ ಬುಶ್ ಬಿಚ್ಚಿ ಗ್ರೀಸ್ ಹಾಕಿದೆ. ದೊಡ್ಡ ಮೆಕ್ಯಾನಿಕ್ ಆದ ಹಾಗೆ ಅನಿಸಿತ್ತು. ಜೋಡಿಸಿ ಸ್ವಿಚ್ ಹಾಕಿದರೆ ಡ್ರೈವರ್ ಬದಿಯ ಬ್ಲೇಡ್ ಗಾಜು ದಾಟಿ ಹೋಗಿ ಗಾಜಿನ ಪಕ್ಕದ ಕಾರಿನ ಕಂಬಕ್ಕೆ ಟಪ್ಪನೆ ಹೊಡೆಯಿತು. ಆರ್ಮ್ ಕೂರಿಸುವ ಮೊದಲು ಮೋಟಾರನ್ನು ಒಂದು ಸಲ ಓಡಿಸಿ ಸ್ವಿಚ್ ಆಫ್ ಮಾಡಬೇಕು, ಅದು ತನ್ನ ನಿಲ್ಲುವ ಜಾಗಕ್ಕೆ ಬಂದು ನಿಂತ ಮೇಲೆಯೇ ಆರ್ಮನ್ನು ಗಾಜಿನ ಬುಡಕ್ಕೆ ಸರಿಯಾಗಿ ಇಟ್ಟು ನಟ್ ಬಿಗಿಯಬೇಕು. ಗೊತ್ತಿರಲಿಲ್ಲ. ಕಂಬದ ಬಣ್ಣ ಒಂದಿಷ್ಟು ಎದ್ದು ಹೋಗಿದೆ, ಈಗಲೂ ಕಾಣುತ್ತದೆ.

ಬ್ಲೇಡ್ ವಿಷಯ ಜಾಸ್ತಿ ಹೇಳುವುದಿಲ್ಲ. ಮೊದಲು 450 ರೂಪಾಯಿ ಜೋಡಿಯ ಸಾದಾ ಫ್ರೇಮ್ ಬ್ಲೇಡ್ ಹಾಕಿದೆ, ಒಂದು ಮಳೆಗಾಲಕ್ಕೆ ಅಡ್ಡಿಲ್ಲ. 2023ರಲ್ಲಿ ಫ್ರೇಮ್ ಇಲ್ಲದ 1,100ರ ಜೋಡಿ ತಂದೆ, ನೋಡಲು ಚೆಂದ, ಸದ್ದೂ ಕಡಿಮೆ, ಆದರೆ ನನ್ನ ಗಾಜಿನ ಬಾಗಿಗೆ ತುದಿ ಸರಿಯಾಗಿ ಕೂರದೆ ಕಣ್ಣೆದುರಿಗೇ ಒಂದು ಪಟ್ಟಿ ಒದ್ದೆಯಾಗಿ ಉಳಿಯುತ್ತಿತ್ತು. ಸಾದಾ ಬ್ಲೇಡಿಗೇ ವಾಪಸ್ ಬಂದೆ. ನಮ್ಮ ಏಪ್ರಿಲ್ ಬಿಸಿಲಿಗೆ ರಬ್ಬರ್ ಹೇಗೂ ಗಟ್ಟಿಯಾಗುತ್ತದೆ, ಹಾಗಾಗಿ ದುಬಾರಿಯದು ಹಾಕಿ ಎರಡು ವರ್ಷ ಎಳೆಯುವುದಕ್ಕಿಂತ ಪ್ರತಿ ಮೇ ಕೊನೆಗೆ ಅಗ್ಗದ್ದು ಬದಲಿಸುವುದು ವಾಸಿ ಅಂತ ನನ್ನ ಲೆಕ್ಕ. ಮತ್ತೆ, ಬ್ಲೇಡ್ ತಡತಡ ಅಂತ ಕುಣಿದರೆ ಕೂಡಲೇ ಅಂಗಡಿಗೆ ಓಡಬೇಡಿ. ಗಾಜನ್ನು ಪಾತ್ರೆ ಸೋಪಿನಿಂದ ತಿಕ್ಕಿ ತೊಳೆಯಿರಿ. ಹೈವೇಯಲ್ಲಿ ಲಾರಿ ಹಿಂದೆ ಹೋಗಿ ಹೋಗಿ ಅಂಟಿದ ಜಿಡ್ಡು ಅದು, ನನ್ನದರಲ್ಲಿ ಅರ್ಧ ಕುಣಿತ ಅದಕ್ಕೇ ನಿಂತಿತು. ಉಳಿದರ್ಧ ಆರ್ಮ್ ಸ್ವಲ್ಪ ತಿರುಚಿದ್ದರಿಂದ. ಬ್ಲೇಡ್ ಗಾಜಿಗೆ ನೆಟ್ಟಗೆ ನಿಲ್ಲಬೇಕು, ವಾಲಿದ್ದರೆ ಒಂದು ಕಡೆ ಜಾರುತ್ತದೆ, ವಾಪಸ್ ಬರುವಾಗ ಹಾರುತ್ತದೆ. ಆರ್ಮನ್ನು ಹದವಾಗಿ ತಿರುಚಿ ಸರಿ ಮಾಡಿಸಿದೆ.

ಇನ್ನೂ ಸರಿಯಾಗದ್ದು ಒಂದುಂಟು. ಬಿಟ್ಟು ಬಿಟ್ಟು ಓಡುವ ಇಂಟರ್ಮಿಟೆಂಟ್ ಸ್ಪೀಡ್ ಕೆಲಸ ಮಾಡುವುದಿಲ್ಲ, ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ರಿಲೇ ಹಾಳಾಗಿರಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿದ್ದಾರೆ. ನನಗೆ ಅವಸರವಿಲ್ಲ. ಆ ಸ್ಪೀಡಿಗೆ ತಕ್ಕ ಮಳೆ ಇಲ್ಲಿ ಬರುವುದು ಸೆಪ್ಟೆಂಬರ್ ಕೊನೆಗೆ.