ಭುಜಕ್ಕೊಂದು, ಬೆನ್ನಿಗೊಂದು: ಯಾವ ಇಂಜೆಕ್ಷನ್ ಹಗುರ?

ಒಂದೇ ವರ್ಷದಲ್ಲಿ ಎರಡು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ಬಿಗಿದುಕೊಂಡಿದ್ದ ಬಲಭುಜಕ್ಕೆ ಅಲ್ಟ್ರಾಸೌಂಡ್ ನೋಡಿಕೊಂಡು ಕೊಟ್ಟರು. ಕಾಲಿಗೆ ಇಳಿಯುತ್ತಿದ್ದ ಸೊಂಟನೋವಿಗೆ ಸಿ-ಆರ್ಮ್ ಅನ್ನುವ, ಸಿ ಅಕ್ಷರದ ಆಕಾರದ ಎಕ್ಸ್-ರೇ ಯಂತ್ರದ ಕೆಳಗೆ. ಒಟ್ಟಾರೆ ಹಗುರ ಅನಿಸಿದ್ದು ಭುಜದ್ದೇ. ಆದರೆ ಅದಕ್ಕೆ ಸೂಜಿ ಕಾರಣ ಅಲ್ಲ.

ಭುಜಕ್ಕೆ ಹಾಕುವಾಗ ಮಗ್ಗುಲಾಗಿ ಮಲಗಿದ್ದೆ. ತಣ್ಣನೆಯ ಜೆಲ್ ಬಿದ್ದಾಗ ಬೆಚ್ಚಿದ್ದು ಬಿಟ್ಟರೆ ಆರಾಮ. ಪರದೆ ಎದುರಿಗೇ ಇತ್ತು. ಬೂದುಬಣ್ಣದ ಪದರಗಳ ನಡುವೆ ಸೂಜಿ ಬಿಳಿ ಗೆರೆಯಾಗಿ ಸರಿಯುವುದು ಕಾಣುತ್ತಿತ್ತು. ನೋಡುತ್ತಾ ನೋಡುತ್ತಾ ನೋವು ಅರ್ಧ ಮರೆತೇಹೋಯಿತು. (ಸೂಜಿ ಕಂಡರೆ ತಲೆ ಸುತ್ತುವವರು ನೋಡಲೇಬೇಡಿ.)

ಬೆನ್ನಿನದು ಬೇರೆಯೇ ಕಥೆ. ಬೋರಲು ಮಲಗಬೇಕು. ಬೆನ್ನುಮೂಳೆಯ ನಡುವಿನ ಜಾಗ ತೆರೆದುಕೊಳ್ಳಲಿ ಅಂತ ಹೊಟ್ಟೆಯ ಕೆಳಗೆ ದಿಂಬು. ಕೈ ಎರಡೂ ತಲೆಯ ಪಕ್ಕಕ್ಕೆ. ಅಂದರೆ ಅದೇ ಹಾಳು ಭುಜವನ್ನು ಎತ್ತಿಟ್ಟುಕೊಂಡು ಅಲುಗಾಡದೆ ಇರಬೇಕು! ಸೀಸದ ಏಪ್ರನ್ ಹಾಕಿಕೊಂಡವರ ಕಾಲುಗಳಷ್ಟೇ ಕಾಣುತ್ತವೆ. ಸೂಜಿಯನ್ನು ಸ್ವಲ್ಪ ಒಳಗೆ ಹಾಕುತ್ತಾರೆ, ಎಕ್ಸ್-ರೇ ನೋಡುತ್ತಾರೆ, ಮತ್ತೆ ಸ್ವಲ್ಪ. ಆಮೇಲೆ ಔಷಧ ಸರಿಯಾದ ಕಡೆ ಹೋಗುತ್ತದಾ ಅಂತ ನೋಡಲು ಎಕ್ಸ್-ರೇಯಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವ. ಕಾಯುವುದೇ ಜಾಸ್ತಿ. ಹಾಗಂತ ಬೆನ್ನಿಗೂ ಅಲ್ಟ್ರಾಸೌಂಡೇ ಸಾಕು ಅನ್ನುವ ಹಾಗಿಲ್ಲ. ಅದರ ಅಲೆ ಮೂಳೆ ದಾಟಿ ಹೋಗುವುದಿಲ್ಲ ಅಲ್ವಾ.

ಎರಡು ವಿಷಯದಲ್ಲಿ ಮಾತ್ರ ಬೆನ್ನಿನದೇ ಮೇಲು. ಮೊದಲನೆಯದು, ಮರಗಟ್ಟಿಸುವ ಔಷಧ. ಭುಜಕ್ಕೆ ಕೊಟ್ಟಾಗ ಚುರ್ರೆಂದು ಉರಿಯಿತು. ನಿಜವಾದ ಸೂಜಿಗಿಂತ ಅದೇ ಜಾಸ್ತಿ ನೋವು. ಆ ಮರಗಟ್ಟಿಸುವ ಔಷಧ, ಲಿಗ್ನೋಕೇನ್‌ಗೆ ಆಮ್ಲದ ಗುಣ ಇರುವುದರಿಂದ ಹಾಗಂತೆ. ಬೆನ್ನಿನ ಡಾಕ್ಟರು ಆ ಆಮ್ಲದ ಗುಣ ತಗ್ಗಲಿ ಅಂತ ಅದಕ್ಕೆ ಒಂದಿಷ್ಟು ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ, ತೆಳು ಸೂಜಿಯಲ್ಲಿ ನಿಧಾನಕ್ಕೆ ಬಿಟ್ಟರು. ಇರುವೆ ಕಚ್ಚಿದ ಹಾಗಾಯಿತು, ಅಷ್ಟೇ.

ಇನ್ನೊಂದು, ಅವರ ಮಾತು. "ಈಗ ಔಷಧ ಬಿಡ್ತೀನಿ. ನಿಮ್ಮ ಹಳೇ ಕಾಲುನೋವೇ ಒಂದು ಸಲ ಬಂದು ಹೋಗಬಹುದು. ಜೋರಾದರೆ ಹೇಳಿ, ನಿಲ್ಲಿಸ್ತೀನಿ" ಅಂದರು. ಹಾಗೇ ಆಯಿತು. ತೊಡೆಯಿಂದ ಪಾದದವರೆಗೆ ಜುಮ್ಮೆಂದಿತು, ಹೆದರಿಕೆ ಆಗಲಿಲ್ಲ. ಭುಜದೊಳಗೆ ಔಷಧ ತುಂಬಿ ಬಿಗಿಯಾದಾಗ ಯಾರೂ ಮುಂಚೆ ಹೇಳಿರಲಿಲ್ಲ. ಏನೋ ಎಡವಟ್ಟಾಯಿತು ಅಂತ ಕೈ ಎಳೆದುಕೊಂಡು ಬೈಸಿಕೊಂಡಿದ್ದೆ.

ಮುಂದಿನ ತಿಂಗಳು ಬೆನ್ನಿಗೆ ಇನ್ನೊಂದು ಇದೆ. ಬಲಗೈ ಕೆಳಗೆ ಬಿಟ್ಟುಕೊಳ್ಳಬಹುದಾ ಅಂತ ಈಗಲೇ ಕೇಳಿದ್ದೇನೆ. ಆಗಬಹುದು ಅಂದಿದ್ದಾರೆ.