ಪೆಂಗ್ವಿನ್ ಹತ್ರ ಬಿಡ್ತೀವಿ ಅಂದ್ರೆ, ಗಾಜಿನ ಯಾವ ಕಡೆ ಅಂತ ಮೊದಲು ಕೇಳಿ

ಬರೆಯಲೇಬಾರದು ಅಂತ ಎರಡು ವಾರ ಸುಮ್ಮನಿದ್ದೆ. ಮನೆಯವರು "ಹೋಗ್ಲಿ ಬಿಡೇ, ಯಾರಿಗೂ ಹೇಳ್ಬೇಡ, ನಗ್ತಾರೆ" ಅಂದ್ರು. ನಗಲಿ. ನಮ್ಮ ಅಪಾರ್ಟ್‌ಮೆಂಟಲ್ಲೇ ಈ ರಜಕ್ಕೆ ದುಬೈಗೆ ಹೊರಟಿರೋರು ಮೂರು ಮನೆಯವರಿದ್ದಾರೆ. ಅದರಲ್ಲಿ ಇಬ್ಬರು, ನಮ್ಮನ್ನ ದುಬೈಗೆ ಕಳಿಸಿದ ಅದೇ ಏಜೆಂಟ್ ಹತ್ರ ದುಡ್ಡು ಕಟ್ಟೋಕೆ ಹೊರಟಿದ್ದಾರೆ.

ವಿಮಾನ, ಹೋಟೆಲ್, ವೀಸಾ ಎಲ್ಲ ಸರಿಯಾಗೇ ಇತ್ತು. ಅದರಲ್ಲಿ ನನ್ನ ತಕರಾರಿಲ್ಲ. ಮೋಸ ಹೋಗಿದ್ದು 'ಪೆಂಗ್ವಿನ್ ಮೀಟ್' ಅನ್ನೋ ಒಂದೇ ಒಂದು ಸಾಲಿನಲ್ಲಿ, ಅಂದ್ರೆ ದುಬೈನ ಅಕ್ವೇರಿಯಂನಲ್ಲಿ ಪೆಂಗ್ವಿನ್ ಹತ್ರಕ್ಕೇ ಬಿಡ್ತಾರೆ ಅನ್ನೋದು. ಪ್ಯಾಕೇಜಿನ ಮೇಲೆ ತಲೆಗೆ 7,500, ನಾಲ್ಕು ಜನಕ್ಕೆ 30,000. ಬೆಂಗಳೂರಿನ ಅವರ ಆಫೀಸಿನಲ್ಲಿ ಫೋಟೋ ತೋರಿಸಿದ್ರು. ಒಂದು ಮಗು ಮಂಡಿಯೂರಿ ಕೂತಿದೆ, ಎದುರಿಗೆ ಪೆಂಗ್ವಿನ್, ಮಧ್ಯೆ ಏನೂ ಇಲ್ಲ. "ಹಿಂಗೇನಾ?" ಅಂತ ನಾನು ಆ ಫೋಟೋ ಮೇಲೆ ಬೆರಳಿಟ್ಟು ಕೇಳಿದ್ದೀನಿ. "ಹತ್ರದಿಂದ ಮೇಡಂ, ತುಂಬಾ ಹತ್ರದಿಂದ" ಅಂದ್ರು. ಈಗ ನೆನೆಸಿಕೊಂಡ್ರೆ ಗೊತ್ತಾಗುತ್ತೆ, 'ಹೌದು' ಅಂತ ಆ ಪುಣ್ಯಾತ್ಮ ಹೇಳಲೇ ಇಲ್ಲ.

ಮಗಳಿಗೆ ಆರು ವರ್ಷ. ಅಲ್ಲಿರೋದು ಜೆಂಟೂ ಪೆಂಗ್ವಿನ್ ಅಂತ ಗೊತ್ತಾದ ದಿನದಿಂದ ಮನೆಯಲ್ಲಿ ಅದೇ ಮಾತು. ಕಿತ್ತಳೆ ಕೊಕ್ಕು, ಒಂದು ಕಣ್ಣಿಂದ ಇನ್ನೊಂದು ಕಣ್ಣಿಗೆ ನೆತ್ತಿ ಮೇಲಿಂದ ಬಿಳಿ ಪಟ್ಟಿ. ಈ ಜಾತಿ ಕಲ್ಲು ಗುಡ್ಡೆ ಹಾಕಿ ಗೂಡು ಮಾಡುತ್ತೆ, ಗಂಡು ಹೆಣ್ಣಿಗೆ ಕಲ್ಲು ತಂದು ಕೊಡುತ್ತೆ, ಪಕ್ಕದ ಗೂಡಿಂದ ಕದಿಯೋದೂ ಇದೆ. ಇದನ್ನ ಓದಿ ಹೇಳಿದ್ದು ನಾನೇ, ತಪ್ಪು ನಂದೇ. ಶ್ರೀರಂಗಪಟ್ಟಣದ ಸಂಗಮದಲ್ಲಿ ಒಂದು ನುಣುಪು ಕಲ್ಲು ಆರಿಸಿಕೊಂಡು ಬಂದು, ತೊಳೆದು, ಒರೆಸಿ, ಬ್ಯಾಗಲ್ಲಿಟ್ಟುಕೊಂಡಳು. ಕೊಡೋಕೆ ಬಿಡ್ತಾ ಇರಲಿಲ್ಲ ಅನ್ನೋದು ಬೇರೆ ಮಾತು. ಕ್ಲಾಸಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅಲ್ಲಿ ಹೋಗಿ ಕೌಂಟರ್‌ನಲ್ಲಿ ವೋಚರ್ ಕೊಟ್ಟೆ. ನಾವು ಕನ್ನಡ ಮಾತಾಡೋದು ಕೇಳಿ ಆ ಹುಡುಗ ನಕ್ಕ, ಉಡುಪಿ ಕಡೆಯವನು. ಆಮೇಲೆ ವೋಚರ್ ನೋಡಿ ನಗು ನಿಲ್ಲಿಸಿದ. "ಇದು ಒಳಗೆ ಹೋಗುವ ಟಿಕೆಟ್ ಮಾತ್ರ ಮಾರಾಯ್ರೆ. ಪೆಂಗ್ವಿನ್ ಹತ್ರ ಹೋಗ್ಲಿಕ್ಕೆ ಬೇರೆಯೇ ಟಿಕೆಟ್ ಉಂಟು. ದಿನಕ್ಕೆ ಸ್ವಲ್ಪ ಜನ ಮಾತ್ರ, ಇವತ್ತಿನದ್ದು ಭರ್ತಿ. ಇಷ್ಟು ಸಣ್ಣ ಮಕ್ಕಳನ್ನು ಹೇಗೂ ಬಿಡುವುದಿಲ್ಲ." ಹಿಂದೆ ಕ್ಯೂ. ಮಗಳು ನನ್ನ ಚೂಡಿದಾರ್ ಎಳೀತಾ "ಅಮ್ಮ, ಬೂಟ್ಸ್ ಯಾವಾಗ ಕೊಡ್ತಾರೆ?" ಅಂತಿದ್ದಾಳೆ. ಫೋಟೋದಲ್ಲಿದ್ದ ಮಗು ಬೂಟ್ಸ್ ಹಾಕಿತ್ತಲ್ಲ, ಅದಕ್ಕೆ. "ಎಷ್ಟು ಕೊಟ್ರಿ ನೀವು?" ಅಂತ ಆ ಹುಡುಗ ಮೆಲ್ಲಗೆ ಕೇಳಿದ. ನಾಚಿಕೆಯಾಗಿ ಅರ್ಧ ಹೇಳಿದೆ. ಅರ್ಧಕ್ಕೇ ಅವನು ತಲೆ ಅಲ್ಲಾಡಿಸಿದ. ಅಕ್ವೇರಿಯಂನವರದ್ದು ಇದರಲ್ಲಿ ಏನೂ ತಪ್ಪಿಲ್ಲ, ಅದನ್ನೂ ಬರೆದುಬಿಡ್ತೀನಿ.

ಒಳಗೆ ಹೋದ್ವಿ. ಗಾಜು. ಗಾಜಿಗೆ ಹತ್ತು ಮಕ್ಕಳ ಮೂಗು. ಅದರಾಚೆ ಪೆಂಗ್ವಿನ್. ನೀರಲ್ಲಿ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದ ಹಕ್ಕಿ ಅದು, ಕಣ್ಣು ಮುಚ್ಚಿ ಬಿಡೋದ್ರಲ್ಲಿ ಇರಲ್ಲ. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ 30,000?

ಅಲ್ಲಿಂದಲೇ ವಾಟ್ಸಾಪ್ ಮಾಡಿದೆ. ಉತ್ತರಗಳನ್ನ ಇದ್ದ ಹಾಗೇ ಹಾಕ್ತೀನಿ.

"ಮೇಡಂ, ಮೀಟ್ ಅಂದ್ರೆ ಭೇಟಿ. ಭೇಟಿ ಆಯ್ತಲ್ವಾ?"

ಮಧ್ಯೆ ಗಾಜಿದೆ ಅಂದೆ.

"ಗಾಜಿದ್ರೆ ಮಕ್ಕಳಿಗೆ ಸೇಫ್ ಅಲ್ವಾ ಮೇಡಂ. ಮುಟ್ಟಬಹುದು ಅಂತ ನಾವು ಎಲ್ಲಾದ್ರೂ ಬರೆದಿದ್ದೀವಾ?"

ಫೋಟೋ ತೋರಿಸಿದ್ರಲ್ಲ ಅಂದೆ. "ಅದು ರೆಫರೆನ್ಸ್‌ಗೆ."

ಕೊನೆಗೆ ಬಂತು ನೋಡಿ, ಇದನ್ನ ಓದಿ ನನ್ನ ಮೈಯೆಲ್ಲ ಉರಿದುಹೋಯ್ತು: "ತಿಮ್ಮಪ್ಪನ್ನೂ ದೂರದಿಂದ್ಲೇ ನೋಡ್ತೀವಿ ಮೇಡಂ, ದರ್ಶನ ಆಯ್ತು ಅನ್ನಲ್ವಾ?"

ತಿಮ್ಮಪ್ಪ ತಲೆಗೆ 7,500 ಕೇಳಲ್ಲ ಕಣಯ್ಯಾ!

ವಾಪಸ್ ಬಂದಮೇಲೆ ಮುಂಬೈಯಲ್ಲಿರೋ ನಾದಿನಿ ಹೇಳಿದ್ದು ಕೇಳಿ ಇನ್ನೂ ಸಂಕಟ. ಬೈಕುಲ್ಲಾದ ಜೀಜಾಬಾಯಿ ಉದ್ಯಾನದಲ್ಲಿ ಪೆಂಗ್ವಿನ್ ಇವೆ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್ ತರಿಸಿದ್ರಂತೆ, ಆಮೇಲೆ ಅಲ್ಲೇ ಮರಿಗಳೂ ಆದವು. ಗಾಜಿನ ಈಚೆ ನಿಂತು ನೋಡೋದೇ ಆದ್ರೆ ರಾತ್ರಿ ರೈಲು ಹತ್ತಿದ್ರೆ ಸಾಕಿತ್ತು. "ಅತ್ತಿಗೆ, ನನ್ನ ಒಂದು ಮಾತು ಕೇಳಬಾರದಿತ್ತಾ" ಅಂದಳು. ಕೇಳಬಹುದಿತ್ತು.

ನೀವು ಕಟ್ಟೋದಿದ್ರೆ ಟಿಕೆಟಿನ ಪೂರ್ತಿ ಹೆಸರು, ಟೈಮು, ವಯಸ್ಸಿನ ಮಿತಿ ಬರವಣಿಗೆಯಲ್ಲಿ ತಗೊಳ್ಳಿ. ಅದನ್ನ ಅಕ್ವೇರಿಯಂನವರ ವೆಬ್‌ಸೈಟಲ್ಲಿ ನೀವೇ ಹೋಲಿಸಿ ನೋಡಿ. ಇನ್ನೂ ಒಳ್ಳೇದು, ಅಲ್ಲೇ ನೇರವಾಗಿ ಬುಕ್ ಮಾಡಿ. 'ಹತ್ರದಿಂದ' ಅನ್ನೋ ಮಾತು ಕಿವಿಗೆ ಬಿದ್ರೆ ಎದ್ದು ಬನ್ನಿ. ಫೋಟೋ ನಂಬಬೇಡಿ, ಫೋಟೋ ನಂಬಬೇಡಿ.

1915ಕ್ಕೆ ಫೋನ್ ಮಾಡಿ ಗ್ರಾಹಕರ ದೂರು ಕೊಟ್ಟಿದ್ದೀನಿ. ಅದರಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೇ ಇಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ದೂರಿನ ನಂಬರ್ ಕಳಿಸಿದ ಮೇಲೆ ನಿನ್ನೆ ಏಜೆಂಟನ ಮೆಸೇಜ್ ಬಂತು. ದುಡ್ಡು ವಾಪಸ್ ಆಗಲ್ಲವಂತೆ, ಮುಂದಿನ ಟ್ರಿಪ್ಪಲ್ಲಿ ಅಡ್ಜಸ್ಟ್ ಮಾಡಿಕೊಡ್ತಾನಂತೆ. "ಡಾಲ್ಫಿನ್ ಮೀಟ್ ಇದೆ ಮೇಡಂ. ತುಂಬಾ ಹತ್ರದಿಂದ."